ಅಲೆಕ್ಸಾಂಡ್ರಿಯದ ಅಥನೇಸಿಯಸ್

ಅಥನೇಸಿಯಸ್ (ಸು. 296-298 – 2 ಮೇ 373) ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಬಿಷಪ್, ದೈವಶಾಸ್ತ್ರಜ್ಞ ಹಾಗೂ ಗ್ರೀಕ್ ಲೇಖಕ. 328ರಿಂದ ಮರಣದವರೆಗೆ ಸುಮಾರು 45 ವರ್ಷ ಬಿಷಪ್ ಪದವಿಯಲ್ಲಿದ್ದ ಈತ ಅದರಲ್ಲಿ 17 ವರ್ಷಗಳಷ್ಟು ಕಾಲವನ್ನು ಗಡೀಪಾರು ಮತ್ತು ಅಜ್ಞಾತವಾಸದಲ್ಲಿ ಕಳೆದ. ಏರಿಯಸ್ ಪಂಥದ ವಿರುದ್ಧ ನಡೆಸಿದ ಹೋರಾಟದಿಂದ ಪ್ರಸಿದ್ಧನಾದ ಈತನ ಹೆಸರು ಬೈಬಲ್‌ನ ಇತಿಹಾಸದಲ್ಲಿಯೂ ಮುಖ್ಯವಾದುದು. ಇಂದಿನ ಹೊಸ ಒಡಂಬಡಿಕೆಯಲ್ಲಿರುವ 27 ಗ್ರಂಥಗಳನ್ನಷ್ಟೇ, ಹೆಚ್ಚುಕಡಿಮೆಯಿಲ್ಲದೆ, ಧರ್ಮಗ್ರಂಥವೆಂದು ಹೆಸರಿಸಿದ ಅತ್ಯಂತ ಹಳೆಯ ಪಟ್ಟಿ ಈತನು 367ರಲ್ಲಿ ಬರೆದ ಪತ್ರದಲ್ಲಿದೆ ಎಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಹಲವು ಪ್ರಾಚೀನ ಕ್ರೈಸ್ತ ಬರಹಗಳು ಧರ್ಮಗ್ರಂಥದಿಂದ ಹೊರಗುಳಿದ ಕಥೆಯಲ್ಲಿ ಈ ಪತ್ರ ಒಂದು ಪ್ರಮುಖ ಘಟ್ಟ.

ಆರಂಭಿಕ ಜೀವನ

ಅಥನೇಸಿಯಸ್‌ನ ಬಾಲ್ಯವು ಕ್ರೈಸ್ತರ ಮೇಲೆ ರೋಮನ್ ಸಾಮ್ರಾಜ್ಯ ನಡೆಸಿದ ಕೊನೆಯ ದೊಡ್ಡ ದಮನದ ಕಾಲದಲ್ಲಿ ಕಳೆಯಿತು. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಆಜ್ಞೆಯಂತೆ ಕ್ರೈಸ್ತರ ಪವಿತ್ರ ಗ್ರಂಥಗಳನ್ನು ವಶಪಡಿಸಿಕೊಂಡು ಸುಡಬೇಕಾಗಿತ್ತು. ಯಾವ ಗ್ರಂಥ ಪವಿತ್ರ, ಯಾವುದಲ್ಲ ಎಂಬುದು ಆ ದಿನಗಳಲ್ಲಿ ಕೇವಲ ಪಂಡಿತರ ಪ್ರಶ್ನೆಯಾಗಿರಲಿಲ್ಲ. ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರು ಸಹಧರ್ಮೀಯರಿಂದ ದ್ರೋಹಿಗಳೆನಿಸಿಕೊಂಡರು.

ಯೌವನದಲ್ಲಿ ಈತ ಅಲೆಕ್ಸಾಂಡ್ರಿಯದ ಬಿಷಪ್ ಅಲೆಕ್ಸಾಂಡರನ ಸಹಾಯಕನಾಗಿ ಸೇರಿ ಡೀಕನ್ ಆದ. ದೇವರ ಮಗನು ಸೃಷ್ಟಿಸಲ್ಪಟ್ಟವನು, ತಂದೆಯಷ್ಟು ಅನಾದಿಯಲ್ಲ ಎಂದು ಅದೇ ನಗರದ ಪಾದ್ರಿ ಏರಿಯಸ್ ಬೋಧಿಸುತ್ತಿದ್ದ. ಈ ವಿವಾದವನ್ನು ಬಗೆಹರಿಸಲು 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯದಲ್ಲಿ ಬಿಷಪ್‌ಗಳ ಸಮಾವೇಶವನ್ನು ಕರೆದ. ಅಲೆಕ್ಸಾಂಡರನೊಡನೆ ಅಥನೇಸಿಯಸ್ ಕೂಡ ಅಲ್ಲಿಗೆ ಹೋಗಿದ್ದ. ಬೈಬಲ್‌ನ ಗ್ರಂಥಗಳನ್ನು ಆರಿಸಿದ್ದು ಈ ಸಮಾವೇಶವೇ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಸಮಾವೇಶದ ನಿರ್ಣಯಗಳಲ್ಲಿ ಗ್ರಂಥಪಟ್ಟಿ ಇಲ್ಲ.

ಬಿಷಪ್ ಪದವಿ ಮತ್ತು ಗಡೀಪಾರು

ಅಲೆಕ್ಸಾಂಡರನ ಮರಣಾನಂತರ 328ರಲ್ಲಿ ಅಥನೇಸಿಯಸ್ ಬಿಷಪ್ ಆದ. ಆಯ್ಕೆ ನಿರ್ವಿವಾದವಾಗಿರಲಿಲ್ಲ. ದಮನದ ಕಾಲದಲ್ಲಿ ಒಡೆದು ಬೇರೆಯಾಗಿದ್ದ ಮೆಲಿಟಿಯನ್ ಪಂಗಡ ಈತನನ್ನು ಒಪ್ಪಲಿಲ್ಲ. ಆರ್ಸೇನಿಯಸ್ ಎಂಬ ಮೆಲಿಟಿಯನ್ ಬಿಷಪ್‌ನನ್ನು ಕೊಲ್ಲಿಸಿದನೆಂಬ ಆರೋಪ ಬಂದಾಗ, ಆತ ಜೀವಂತವಾಗಿರುವುದನ್ನು ತೋರಿಸಿ ಅಥನೇಸಿಯಸ್ ಪಾರಾದ. ಆದರೆ ಎಲ್ಲ ದೂರುಗಳೂ ಹುಸಿಯಾಗಿದ್ದವೆಂದು ಹೇಳಲಾಗದು. ಈಜಿಪ್ಟಿನಲ್ಲಿ ದೊರೆತ ಆ ಕಾಲದ ಪಪೈರಸ್ ಪತ್ರವೊಂದು ಈತನ ಬೆಂಬಲಿಗರು ಮೆಲಿಟಿಯನ್ನರ ಮೇಲೆ ಹಲ್ಲೆ ನಡೆಸಿದುದನ್ನು ವರ್ಣಿಸುತ್ತದೆ.

335ರಲ್ಲಿ ಟೈರ್ ನಗರದ ಸಮಾವೇಶ ಈತನನ್ನು ಪದಚ್ಯುತಗೊಳಿಸಿತು. ರಾಜಧಾನಿಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುವ ಬೆದರಿಕೆ ಹಾಕಿದನೆಂಬ ಆರೋಪವೂ ಸೇರಿ, ಕಾನ್‌ಸ್ಟಂಟೈನ್ ಈತನನ್ನು ಇಂದಿನ ಜರ್ಮನಿಯಲ್ಲಿರುವ ಟ್ರಿಯರ್ ನಗರಕ್ಕೆ ಗಡೀಪಾರು ಮಾಡಿದ. 337ರಲ್ಲಿ ಮರಳಿದ ಈತ 339ರಿಂದ 346ರವರೆಗೆ ಮತ್ತೆ ಹೊರಗಿರಬೇಕಾಯಿತು. ಆಗ ರೋಮಿನ ಬಿಷಪ್ ಜೂಲಿಯಸ್ ಆಶ್ರಯವಿತ್ತ. 356ರಲ್ಲಿ ಸೈನಿಕರು ಪ್ರಾರ್ಥನೆಯ ವೇಳೆ ಚರ್ಚಿಗೆ ನುಗ್ಗಿದಾಗ ತಪ್ಪಿಸಿಕೊಂಡು, ಆರು ವರ್ಷ ಮರುಭೂಮಿಯ ಸಂನ್ಯಾಸಿಗಳ ನಡುವೆ ತಲೆಮರೆಸಿಕೊಂಡಿದ್ದ. ಜೂಲಿಯನ್ ಮತ್ತು ವ್ಯಾಲೆನ್ಸ್ ಚಕ್ರವರ್ತಿಗಳ ಕಾಲದಲ್ಲಿ ಇನ್ನೆರಡು ಬಾರಿ ನಗರ ಬಿಡಬೇಕಾಯಿತು. ಐದನೆಯ ಮತ್ತು ಕೊನೆಯ ಗಡೀಪಾರು 366ರಲ್ಲಿ ಮುಗಿಯಿತು. ಮರುವರ್ಷವೇ ಗ್ರಂಥಪಟ್ಟಿಯ ಪತ್ರ ಹೊರಬಂತು.

ಪಟ್ಟಿಗೆ ಹಿಂದಿನ ಸ್ಥಿತಿ

ಮೊದಲ ಮೂರು ಶತಮಾನಗಳಲ್ಲಿ ಎಲ್ಲ ಕ್ರೈಸ್ತ ಸಭೆಗಳೂ ಒಪ್ಪಿದ ಪಟ್ಟಿ ಇರಲಿಲ್ಲ. ಸು. 140ರಲ್ಲಿ ಮಾರ್ಸಿಯನ್ ಎಂಬಾತ ತಾನು ತಿದ್ದಿದ ಲೂಕನ ಸುವಾರ್ತೆ ಮತ್ತು ಪೌಲನ ಹತ್ತು ಪತ್ರಗಳನ್ನು ಮಾತ್ರ ಅಂಗೀಕರಿಸಿದ. ಸು. 180ರಲ್ಲಿ ಲಿಯಾನ್ಸಿನ ಬಿಷಪ್ ಐರೆನೇಯಸ್ ಸುವಾರ್ತೆಗಳು ನಾಲ್ಕೇ ಎಂದು ವಾದಿಸಿದ. ಚರಿತ್ರೆಕಾರ ಯುಸೀಬಿಯಸ್ ನಾಲ್ಕನೆಯ ಶತಮಾನದ ಆರಂಭದಲ್ಲಿ ಎಲ್ಲರೂ ಒಪ್ಪಿದ, ವಿವಾದವಿದ್ದ ಹಾಗೂ ಕೃತಕವಾದ ಬರಹಗಳನ್ನು ಬೇರೆಬೇರೆಯಾಗಿ ವಿಂಗಡಿಸಿದ. ಯಾಕೋಬ, ಯೂದ, ಪೇತ್ರನ ಎರಡನೆಯ ಹಾಗೂ ಯೋಹಾನನ ಎರಡು ಮತ್ತು ಮೂರನೆಯ ಪತ್ರಗಳು ಆತನ ಕಾಲದಲ್ಲಿಯೂ ವಿವಾದಾಸ್ಪದವಾಗಿದ್ದವು. ಇತ್ತ ಈಗ ಬೈಬಲ್‌ನಲ್ಲಿಲ್ಲದ ಬಾರ್ನಬನ ಪತ್ರ ಮತ್ತು ಹೆರ್ಮಸನ 'ಕುರುಬ' ಎಂಬ ಕೃತಿಗಳು ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಜೊತೆಗೇ ಸೇರಿವೆ.

ಅಥನೇಸಿಯಸ್‌ನ ನಿಲುವೂ ಕ್ರಮೇಣ ಬಿಗಿಯಾಯಿತು. ತನ್ನ ಆರಂಭದ ಕೃತಿಯೊಂದರಲ್ಲಿ 'ಕುರುಬ'ವನ್ನು ಬಹಳ ಉಪಯುಕ್ತವೆಂದು ಹೊಗಳಿದ್ದ ಈತ, ನೈಸಿಯದ ನಿರ್ಣಯಗಳನ್ನು ಸಮರ್ಥಿಸಿ ಮುಂದೆ ಬರೆದಾಗ ಅದು ಧರ್ಮಗ್ರಂಥಗಳ ಸಾಲಿಗೆ ಸೇರಿದುದಲ್ಲ ಎಂದು ಸ್ಪಷ್ಟಪಡಿಸಿದ.

367ರ ಈಸ್ಟರ್ ಪತ್ರ

ಆ ವರ್ಷದ ಈಸ್ಟರ್ ಹಬ್ಬ ಯಾವ ದಿನ ಬರುತ್ತದೆಂದು ಈಜಿಪ್ಟಿನ ಸಭೆಗಳಿಗೆ ಪತ್ರ ಬರೆದು ತಿಳಿಸುವುದು ಅಲೆಕ್ಸಾಂಡ್ರಿಯದ ಬಿಷಪ್‌ನ ವಾಡಿಕೆಯಾಗಿತ್ತು. ಅಥನೇಸಿಯಸ್‌ನ ಇಂಥ ಪತ್ರಗಳಲ್ಲಿ 39ನೆಯದು ಗ್ರಂಥಪಟ್ಟಿಯನ್ನು ಒಳಗೊಂಡಿದೆ. ಇದರ ಗ್ರೀಕ್ ಮೂಲ ಭಾಗಶಃ ಉಳಿದಿದ್ದು, ಕಾಪ್ಟಿಕ್ ಅನುವಾದದಲ್ಲಿ ಹೆಚ್ಚಿನ ಭಾಗ ದೊರೆತಿದೆ.

ಪತ್ರವು ಬರಹಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಧರ್ಮಗ್ರಂಥಗಳು: ಹಳೆಯ ಒಡಂಬಡಿಕೆಯ 22 ಮತ್ತು ಹೊಸ ಒಡಂಬಡಿಕೆಯ 27. ಎರಡನೆಯದು ಧರ್ಮಗ್ರಂಥವಲ್ಲದಿದ್ದರೂ ಹೊಸದಾಗಿ ಧರ್ಮಕ್ಕೆ ಸೇರುವವರು ಓದಬಹುದಾದವು. ಸೊಲೊಮೋನನ ಜ್ಞಾನ, ಸಿರಾಖ, ಎಸ್ತೇರ್, ಯೂದಿತ್, ತೊಬಿತ್ ಇವುಗಳೊಡನೆ 'ದಿದಖೆ' ಎಂದು ಹೆಸರಾದ ಅಪೊಸ್ತಲರ ಉಪದೇಶ ಮತ್ತು 'ಕುರುಬ' ಇದರಲ್ಲಿ ಸೇರಿವೆ. ಮೂರನೆಯದು ಗುಪ್ತಗ್ರಂಥಗಳೆನಿಸಿದವು. ಹನೋಕ, ಯೆಶಾಯ, ಮೋಶೆ ಮುಂತಾದ ಪ್ರಾಚೀನರ ಹೆಸರಿನಲ್ಲಿ ಪಾಷಂಡಿಗಳು ರಚಿಸಿದ ಬರಹಗಳಿವು ಎಂಬುದು ಈತನ ಆಪಾದನೆ. ಇವನ್ನು ಬಳಸುತ್ತಿದ್ದವರಲ್ಲಿ ಹಳೆಯ ವಿರೋಧಿಗಳಾದ ಮೆಲಿಟಿಯನ್ನರನ್ನೂ ಪತ್ರ ಹೆಸರಿಸುತ್ತದೆ. ಹೀಗಾಗಿ ಪಟ್ಟಿಯು ಗ್ರಂಥಗಳ ಎಲ್ಲೆಯನ್ನು ಗುರುತಿಸಿದಂತೆಯೇ ಬಿಷಪ್‌ನ ಅಧಿಕಾರದ ಎಲ್ಲೆಯನ್ನೂ ಗುರುತಿಸಿತು.

ಬರಹಗಳು ಹೊರಗುಳಿದ ಕಾರಣಗಳು

ತಾನು ಹೆಸರಿಸಿದವು ಪೂರ್ವಿಕರಿಂದ ಪರಂಪರೆಯಾಗಿ ಬಂದವು ಎಂಬುದು ಅಥನೇಸಿಯಸ್‌ನ ಮುಖ್ಯ ಸಮರ್ಥನೆ. ಈ ಪರಂಪರೆ ರೂಪುಗೊಂಡದ್ದರ ಹಿಂದೆ ಎರಡು ಶತಮಾನಗಳ ಚರ್ಚೆಯಿತ್ತು. ಅದರಲ್ಲಿ ಮೂರು ಅಳತೆಗೋಲುಗಳನ್ನು ಗುರುತಿಸಬಹುದು.

ಮೊದಲನೆಯದು ಅಪೊಸ್ತಲರ ಕಾಲದೊಂದಿಗಿನ ಸಂಬಂಧ. 'ಕುರುಬ' ಅಪೊಸ್ತಲರ ಕಾಲ ಕಳೆದ ಮೇಲೆ ರೋಮಿನಲ್ಲಿ ಬರೆದುದರಿಂದ, ಅದನ್ನು ಖಾಸಗಿಯಾಗಿ ಓದಬಹುದೇ ಹೊರತು ಸಭೆಯಲ್ಲಿ ಅಲ್ಲ ಎಂದು ಮುರಟೋರಿಯನ್ ತುಣುಕು ಎಂಬ ಹಳೆಯ ಲ್ಯಾಟಿನ್ ಪಟ್ಟಿ ಹೇಳುತ್ತದೆ. ಪೌಲನ ಹೆಸರಿನಲ್ಲಿ ಕೃತಿಯೊಂದನ್ನು ಕಟ್ಟಿದ ಏಷ್ಯಾ ಪ್ರಾಂತ್ಯದ ಪಾದ್ರಿಯೊಬ್ಬ, ಅದನ್ನು ಪೌಲನ ಮೇಲಿನ ಪ್ರೀತಿಯಿಂದ ಮಾಡಿದುದಾಗಿ ಒಪ್ಪಿಕೊಂಡರೂ ಪದವಿ ಕಳೆದುಕೊಂಡನೆಂದು ಟರ್ಟುಲಿಯನ್ ದಾಖಲಿಸಿದ್ದಾನೆ. ಎರಡನೆಯದು ಬೋಧನೆ. ಸು. 200ರಲ್ಲಿ ಅಂತಿಯೋಕ್ಯದ ಬಿಷಪ್ ಸೆರಾಪಿಯೋನ್ ಪೇತ್ರನ ಹೆಸರಿನ ಸುವಾರ್ತೆಯನ್ನು ಓದಲು ಮೊದಲು ಅನುಮತಿಸಿದ. ಆಮೇಲೆ ತಾನೇ ಓದಿ, ಯೇಸುವಿನ ಮನುಷ್ಯದೇಹವನ್ನು ಬರಿಯ ತೋರಿಕೆಯೆನ್ನುವವರ ಅಭಿಪ್ರಾಯಗಳು ಅದರಲ್ಲಿ ಬೆರೆತಿರುವುದನ್ನು ಕಂಡು ತಿರಸ್ಕರಿಸಿದ. ಮೂರನೆಯದು ಬಳಕೆಯ ವ್ಯಾಪ್ತಿ. ಪಶ್ಚಿಮದಲ್ಲಿ ಇಬ್ರಿಯರಿಗೆ ಬರೆದ ಪತ್ರದ ಬಗೆಗೂ ಪೂರ್ವದಲ್ಲಿ ಪ್ರಕಟನೆಯ ಬಗೆಗೂ ಸಂದೇಹವಿತ್ತು. ಆದರೂ ಎರಡಕ್ಕೂ ಅನೇಕ ಸಭೆಗಳ ಬೆಂಬಲವಿದ್ದುದರಿಂದ ಅವು ಉಳಿದವು. ತೋಮನ ಹೆಸರಿನ ಸುವಾರ್ತೆಯಂಥ ಬರಹಗಳಿಗೆ ಅಂಥ ವ್ಯಾಪಕ ಮನ್ನಣೆ ಎಂದೂ ಇರಲಿಲ್ಲ.

ಈ ಅಳತೆಗೋಲುಗಳು ಎಲ್ಲೆಡೆ ಒಂದೇ ರೀತಿ ಅನ್ವಯವಾಗಲಿಲ್ಲ ಎಂಬುದಕ್ಕೆ ಹನೋಕನ ಗ್ರಂಥ ನಿದರ್ಶನ. ಯೂದನ ಪತ್ರ ಹನೋಕನ ಪ್ರವಾದನೆಯನ್ನು ಉಲ್ಲೇಖಿಸುತ್ತದೆ. ಅಥನೇಸಿಯಸ್ ಯೂದನ ಪತ್ರವನ್ನು ಉಳಿಸಿಕೊಂಡು ಹನೋಕನ ಗ್ರಂಥವನ್ನು ತಳ್ಳಿಹಾಕಿದ. ಆದರೆ ಈತನೇ ಇಥಿಯೋಪಿಯದ ಅಕ್ಸುಮ್ ರಾಜ್ಯಕ್ಕೆ ಫ್ರುಮೆಂಟಿಯಸ್‌ನನ್ನು ಮೊದಲ ಬಿಷಪ್ ಆಗಿ ಅಭಿಷೇಕಿಸಿ ಕಳುಹಿಸಿದ್ದ. ಆ ಇಥಿಯೋಪಿಯದ ಸಭೆಯೇ ಮುಂದೆ ಹನೋಕನ ಗ್ರಂಥವನ್ನು ತನ್ನ ಬೈಬಲ್‌ನಲ್ಲಿ ಇರಿಸಿಕೊಂಡಿತು. ಗ್ರಂಥದ ಪೂರ್ಣಪಾಠ ಇಂದು ಉಳಿದಿರುವುದು ಅಲ್ಲಿನ ಗೀಝ್ ಭಾಷೆಯಲ್ಲಿ ಮಾತ್ರ.

ಪತ್ರದ ಪರಿಣಾಮ

ಮೇಲಿನ ಈಜಿಪ್ಟಿನ ಪಖೋಮಿಯಸ್ ಮಠಗಳ ಮುಖ್ಯಸ್ಥ ಥಿಯೋಡೋರ್ ಈ ಪತ್ರವನ್ನು ಕಾಪ್ಟಿಕ್ ಭಾಷೆಗೆ ಅನುವಾದಿಸಿ ಮಠದಲ್ಲಿ ಇರಿಸಿದನೆಂದು ಪಖೋಮಿಯಸ್‌ನ ಜೀವನಚರಿತ್ರೆ ತಿಳಿಸುತ್ತದೆ. 1945ರಲ್ಲಿ ಅದೇ ಪ್ರದೇಶದ ನಾಗ್ ಹಮ್ಮಾದಿಯ ಬಳಿ ಜಾಡಿಯೊಂದರಲ್ಲಿ ನಾಲ್ಕನೆಯ ಶತಮಾನದ ಕಾಪ್ಟಿಕ್ ಹೊತ್ತಗೆಗಳು ದೊರೆತವು. ತೋಮನ ಸುವಾರ್ತೆಯ ಪೂರ್ಣಪಾಠ ಬೆಳಕಿಗೆ ಬಂದುದು ಇವುಗಳಿಂದಲೇ. ಪತ್ರದ ಆಜ್ಞೆಗೆ ಹೆದರಿದ ಸಂನ್ಯಾಸಿಗಳು ಅವನ್ನು ಹೂತಿಟ್ಟರೆಂಬ ಊಹೆ ಪ್ರಸಿದ್ಧವಾಗಿದ್ದರೂ ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ.

ಪತ್ರದಿಂದ ಚರ್ಚೆ ಒಡನೆಯೇ ಮುಗಿಯಲಿಲ್ಲ. ಅಲೆಕ್ಸಾಂಡ್ರಿಯದಲ್ಲಿಯೇ ಇದ್ದ ವಿದ್ವಾಂಸ ಅಂಧ ಡಿಡಿಮಸ್ ತನ್ನ ವ್ಯಾಖ್ಯಾನಗಳಲ್ಲಿ 'ಕುರುಬ' ಮತ್ತು ಬಾರ್ನಬನ ಪತ್ರಗಳನ್ನು ಬಳಸಿದ್ದಾನೆ. ಉತ್ತರ ಆಫ್ರಿಕದ ಹಿಪ್ಪೊ (393) ಮತ್ತು ಕಾರ್ಥೇಜ್ (397) ಸಮಾವೇಶಗಳು ಅದೇ 27 ಗ್ರಂಥಗಳನ್ನು ಅಂಗೀಕರಿಸಿದವು. ಸಿರಿಯಾಕ್ ಭಾಷೆಯ ಪೆಶಿತ್ತಾ ಅನುವಾದದಲ್ಲಾದರೋ ಮೂಲತಃ 22 ಗ್ರಂಥಗಳಷ್ಟೇ ಇದ್ದವು. ಹಳೆಯ ಒಡಂಬಡಿಕೆಯ ವಿಷಯದಲ್ಲಿ ಅಥನೇಸಿಯಸ್‌ನ ಪಟ್ಟಿ ಸರ್ವಮಾನ್ಯವಾಗಲಿಲ್ಲ. ಈತ ಎರಡನೆಯ ವರ್ಗದಲ್ಲಿಟ್ಟ ಎಸ್ತೇರ್ ಗ್ರಂಥ ಇಂದು ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬೈಬಲ್‌ಗಳೆರಡರಲ್ಲೂ ಇದೆ.

ಇತರ ಕೃತಿಗಳು ಮತ್ತು ಮರಣ

ವಾಕ್ಯದ ಮಾನವಾವತಾರವನ್ನು ಕುರಿತ ಗ್ರಂಥ, ಏರಿಯಸ್ ಪಂಥದ ವಿರುದ್ಧದ ಭಾಷಣಗಳು ಮತ್ತು ಸಂತ ಅಂತೋನಿಯ ಜೀವನಚರಿತ್ರೆ ಈತನ ಮುಖ್ಯ ಕೃತಿಗಳು. ಇವುಗಳಲ್ಲಿ ಕೊನೆಯದು ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯೂರೋಪಿನಲ್ಲಿ ಸಂನ್ಯಾಸ ಜೀವನ ಹರಡಲು ನೆರವಾಯಿತು. ಕೊನೆಯ ಏಳು ವರ್ಷಗಳನ್ನು ಅಥನೇಸಿಯಸ್ ತನ್ನ ನಗರದಲ್ಲಿಯೇ ಕಳೆದು 373ರ ಮೇ 2ರಂದು ನಿಧನನಾದ. ಕಾಪ್ಟಿಕ್, ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಸಭೆಗಳು ಈತನನ್ನು ಸಂತನೆಂದು ಗೌರವಿಸುತ್ತವೆ.