ಅಧ್ಯಾಪಕ ವೃತ್ತಿಯಿಂದ ಕಬ್ಬಿಣದ ನೇಗಿಲಿನವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭೀಮಾ ದಂಡೆಯ ಊರುಗಳಲ್ಲಾಗಲಿ, ಆಳಂದ ಸೀಮೆಯ ಬಾವಿ ತೋಟಗಳಲ್ಲಾಗಲಿ ಕಿರ್ಲೋಸ್ಕರ್ ಎಂಬ ಹೆಸರನ್ನು ಕೇಳದ ಒಕ್ಕಲಿಗನು ವಿರಳ. ನೀರೆತ್ತುವ ಪಂಪಿನ ಮೇಲೆ ಅಚ್ಚಾಗಿರುವ ಆ ಹೆಸರನ್ನು ನಾವು ಒಂದು ಕಂಪನಿಯ ಹೆಸರೆಂದು ಮಾತ್ರ ತಿಳಿದಿದ್ದೇವೆ. ಆದರೆ ಅದರ ಹಿಂದೆ ತಿಂಗಳ ಸಂಬಳದ ಸಹಾಯಕ ಅಧ್ಯಾಪಕರೊಬ್ಬರ ಬದುಕು ಇದೆ. ಅವರು ಆ ಸಂಬಳವನ್ನು ಬಿಟ್ಟು ಹೊರಬಂದದ್ದು ಏಕೆ ಎಂಬುದನ್ನು ಇಂದು ನಾವು ವಿಚಾರಿಸುವುದು ಪ್ರಯೋಜನಕರ.

ನಮ್ಮ ಭಾಗದ ಕುಟುಂಬಗಳಲ್ಲಿ ನೌಕರಿ ಎಂಬ ಪದಕ್ಕೆ ಇರುವ ತೂಕವನ್ನು ವಿವರಿಸಬೇಕಾಗಿಲ್ಲ. ಮಳೆಯನ್ನೇ ನಂಬಿದ ಭೂಮಿಯಲ್ಲಿ ತಿಂಗಳ ಸಂಬಳವೆಂಬುದು ಬತ್ತದ ಬಾವಿಯಿದ್ದಂತೆ. ಸಂವಿಧಾನದ 371ಜೆ ವಿಧಿಯ ಮೂಲಕ ಈ ಭಾಗಕ್ಕೆ ನೌಕರಿಗಳಲ್ಲಿ ಮೀಸಲಾತಿ ದೊರೆತ ಮೇಲೆ ತಂದೆ ತಾಯಿಗಳ ನಿರೀಕ್ಷೆ ಇನ್ನೂ ಹೆಚ್ಚಿದೆ. ಇಂಥ ಮನೆಯಲ್ಲಿ ಮಗನೋ ಮಗಳೋ ಇದ್ದ ಕೆಲಸವನ್ನು ಬಿಟ್ಟು ಸ್ವಂತ ಉದ್ಯೋಗ ಮಾಡುತ್ತೇನೆಂದರೆ ಅದು ಕೇವಲ ಹಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮನೆಯವರ ನಿದ್ರೆಯ ಪ್ರಶ್ನೆಯಾಗುತ್ತದೆ. ಅದು ಧೈರ್ಯವೋ, ದುಡುಕೋ? ಸ್ವಾಭಿಮಾನವೋ, ಅಹಂಕಾರವೋ? ಲಕ್ಷ್ಮಣರಾಯರ ಜೀವನವು ಈ ಪ್ರಶ್ನೆಗಳಿಗೆ ಸಿದ್ಧ ಉತ್ತರವನ್ನು ಕೊಡದಿದ್ದರೂ ಅವುಗಳನ್ನು ಸರಿಯಾಗಿ ಕೇಳಿಕೊಳ್ಳುವ ಬಗೆಯನ್ನು ಕಲಿಸುತ್ತದೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರ ಜನ್ಮಸ್ಥಳವೂ ಇದೇ ಗ್ರಾಮ. ಲಕ್ಷ್ಮಣರಾಯರ ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನೂ ಗ್ರಂಥಗಳ ದಾರಿಯನ್ನೇ ಹಿಡಿಯಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆದರೆ ಮಗನಿಗೆ ಪುಸ್ತಕಗಳಲ್ಲಿ ಮನಸ್ಸು ನಿಲ್ಲಲಿಲ್ಲ. ಚಿತ್ರ ಬಿಡಿಸುವುದು ಮತ್ತು ಯಂತ್ರಗಳ ಒಳಗುಟ್ಟನ್ನು ತಿಳಿಯುವುದು, ಇವೆರಡೇ ಆತನ ಆಸಕ್ತಿಗಳು. ತಂದೆಯ ಅಸಮ್ಮತಿಯ ನಡುವೆಯೂ ಹಿರಿಯಣ್ಣ ರಾಮುಅಣ್ಣನವರ ಹಣಸಹಾಯದಿಂದ ಆತ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದನು.

ಅಲ್ಲಿ ಎರಡು ವರ್ಷಗಳು ಕಳೆಯುವಷ್ಟರಲ್ಲಿ ಮೊದಲ ಬಾಗಿಲು ಮುಚ್ಚಿತು. ತರುಣನ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದವು ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದು ಮನೆಯವರ ಮಾತು ಮೀರಿ ಬಂದವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೊಂದಿರಲಾರದು. ಆದರೆ ಲಕ್ಷ್ಮಣರಾಯರು ಊರಿಗೆ ಹಿಂದಿರುಗಲಿಲ್ಲ. ಬಣ್ಣವು ಬೇಡದ, ಕೇವಲ ರೇಖೆ ಮತ್ತು ಅಳತೆಗಳನ್ನು ಬೇಡುವ ಯಂತ್ರಚಿತ್ರಣದ ಕಡೆಗೆ ತಿರುಗಿದರು. ಅದರಲ್ಲಿ ಪಡೆದ ಪ್ರಾವೀಣ್ಯದ ಫಲವಾಗಿ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕರಾದರು. ಪಾಠ ಮುಗಿದ ಮೇಲೆ ಅವರು ಅಲ್ಲಿಯ ಕಾರ್ಯಾಗಾರದಲ್ಲಿ ಉಳಿದು ಲೇಥು, ಬಾಯ್ಲರು, ಎರಕದ ಕೆಲಸ ಇವೆಲ್ಲವನ್ನೂ ಕೈಯಾರೆ ಕಲಿತರು. ಕಲಿಸುವವನಾಗಿ ಸಂಬಳ ಪಡೆಯುತ್ತಾ ಕಲಿಯುವವನಾಗಿ ಬಾಳಿದ ವರ್ಷಗಳು ಅವು.

ಆ ಕಾಲದಲ್ಲಿ ಮುಂಬಯಿಯ ಬೀದಿಗಳಿಗೆ ಬೈಸಿಕಲ್ಲು ಹೊಸದು. ಲಕ್ಷ್ಮಣರಾಯರು ಅದನ್ನು ಓಡಿಸಲು ಕಲಿತದ್ದಲ್ಲದೆ ಬಿಚ್ಚಿ ಜೋಡಿಸುವುದನ್ನೂ ಕಲಿತರು. ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳುಹಿಸುವುದು, ಅಲ್ಲಿ ಅಣ್ಣ ಅವುಗಳನ್ನು ಮಾರುವುದು ಮತ್ತು ಕೊಂಡವರಿಗೆ ಓಡಿಸಲು ಕಲಿಸುವುದು, ಹೀಗೆ ಅಣ್ಣತಮ್ಮಂದಿರ ಸಣ್ಣ ವ್ಯಾಪಾರವೊಂದು ಬೆಳೆಯಿತು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಮೂಲ ಇದೇ. ತಮ್ಮ ಉದ್ಯಮದ ಆರಂಭವನ್ನು ಕಿರ್ಲೋಸ್ಕರ್ ಮನೆತನದವರು 1888ರಿಂದ ಎಣಿಸುತ್ತಾರೆ.

ನೌಕರಿಯನ್ನು ತ್ಯಜಿಸುವ ಪ್ರಸಂಗ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಸಂಸ್ಥೆಯಲ್ಲಿ ಮೇಲಿನ ಹುದ್ದೆಯೊಂದು ತೆರವಾದಾಗ ಅದು ಲಕ್ಷ್ಮಣರಾಯರಿಗೆ ಸಲ್ಲಬೇಕಾಗಿತ್ತು. ಅದು ಅವರಿಗೆ ಸಿಗದೆ ಆಂಗ್ಲೋ ಇಂಡಿಯನ್ ಸಮುದಾಯದ ಮತ್ತೊಬ್ಬರ ಪಾಲಾಯಿತು. ಪರಕೀಯರ ಆಳ್ವಿಕೆಯಲ್ಲಿ ಯೋಗ್ಯತೆಗಿಂತ ಹುಟ್ಟಿಗೆ ಹೆಚ್ಚು ಬೆಲೆಯೆಂಬುದು ಅಂದು ಅಪರೂಪದ ಅನುಭವವೇನಲ್ಲ. ಅನೇಕರು ಅದನ್ನು ನುಂಗಿಕೊಂಡು ನಿವೃತ್ತಿಯವರೆಗೆ ದುಡಿದರು. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಹೊರಟುಬಂದರು.

ಇಲ್ಲಿ ನಾವು ಒಂದು ಕ್ಷಣ ನಿಂತು ಆಲೋಚಿಸಬೇಕು. ಅವಮಾನವೇ ಅವರನ್ನು ಉದ್ಯಮಿಯನ್ನಾಗಿ ಮಾಡಿತೆಂದು ಹೇಳುವುದು ಸುಲಭ, ಹಾಗೆ ಹೇಳುವವರೂ ಬಹಳ. ಆದರೆ ನಮ್ಮ ದೇಶದ ದಾರ್ಶನಿಕರು ಉಪಾದಾನ ಕಾರಣ, ನಿಮಿತ್ತ ಕಾರಣವೆಂದು ಎರಡನ್ನು ಬೇರ್ಪಡಿಸುತ್ತಾರೆ. ಗಡಿಗೆಗೆ ಮಣ್ಣು ಉಪಾದಾನ, ಕುಂಬಾರನೂ ಅವನ ತಿಗರಿಯೂ ನಿಮಿತ್ತ. ಗ್ರೀಕ್ ದಾರ್ಶನಿಕನಾದ ಅರಿಸ್ಟಾಟಲನು ಇದಕ್ಕೆ ಇನ್ನೊಂದನ್ನು ಸೇರಿಸುತ್ತಾನೆ: ಗಡಿಗೆ ಯಾವುದಕ್ಕಾಗಿ ಎಂಬ ಉದ್ದೇಶ. ನೀರು ತುಂಬುವ ಉದ್ದೇಶವಿಲ್ಲದಿದ್ದರೆ ಮಣ್ಣೂ ಕುಂಬಾರನೂ ಇದ್ದು ಗಡಿಗೆಯಾಗುವುದಿಲ್ಲ. ಲಕ್ಷ್ಮಣರಾಯರ ವಿಷಯದಲ್ಲಿ ಕೈತಪ್ಪಿದ ಬಡ್ತಿಯು ನಿಮಿತ್ತ ಮಾತ್ರ. ವರ್ಷಗಟ್ಟಲೆ ಕಾರ್ಯಾಗಾರದಲ್ಲಿ ಪಳಗಿದ ಕೈ ಮತ್ತು ಅಣ್ಣನೊಡನೆ ನಡೆಸುತ್ತಿದ್ದ ವ್ಯಾಪಾರದ ಅನುಭವ ಉಪಾದಾನ. ಉದ್ದೇಶವು ಅವರಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಅದು ಬೆಳಗಾವಿಯ ಸುತ್ತಲಿನ ಹೊಲಗಳಲ್ಲಿ ಅವರಿಗಾಗಿ ಕಾದಿತ್ತು.

ಸೈಕಲ್ ವ್ಯಾಪಾರದಿಂದ ಬಂದ ಅನುಭವ ಮತ್ತು ಅಲ್ಪ ಬಂಡವಾಳದಿಂದ ಅವರು ಸಣ್ಣ ಕಾರ್ಯಾಗಾರವನ್ನು ಹೂಡಿದರು. ಮೊದಲು ತಯಾರಿಸಿದ್ದು ದನಗಳ ಮೇವನ್ನು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ಬಿಡುತ್ತವೆ. ಕತ್ತರಿಸಿ ಹಾಕಿದರೆ ಅಷ್ಟೇ ಮೇವು ಹೆಚ್ಚು ದಿನ ಬರುತ್ತದೆ. ಬರದ ಬೇಗೆಯನ್ನು ಬಲ್ಲ ಸೀಮೆಗೆ ಇದರ ಬೆಲೆ ತಿಳಿಯದಿರದು. ಆಮೇಲೆ ಅವರು ಕೈಹಾಕಿದ್ದು ಕಬ್ಬಿಣದ ನೇಗಿಲಿಗೆ.

ನಮ್ಮ ಎರೆಭೂಮಿಯ ಒಕ್ಕಲಿಗರಿಗೆ ಆ ನೇಗಿಲಿನ ಅಗತ್ಯವನ್ನು ಹೇಳಿಕೊಡಬೇಕಾಗಿಲ್ಲ. ಕಟ್ಟಿಗೆಯ ರೆಂಟೆ ಮೇಲುಮಣ್ಣನ್ನು ಸೀಳುತ್ತದೆಯೇ ಹೊರತು ಅದನ್ನು ಮಗುಚುವುದಿಲ್ಲ. ಕರಿಕೆಯಂಥ ಕಳೆಯು ಬೇರನ್ನು ಆಳಕ್ಕೆ ಇಳಿಸಿದ ಹೊಲದಲ್ಲಿ ಅದರ ಆಟ ನಡೆಯುವುದಿಲ್ಲ. ಕಬ್ಬಿಣದ ನೇಗಿಲಾದರೋ ಆಳಕ್ಕೆ ಇಳಿದು ಮಣ್ಣನ್ನು ತಿರುವಿಹಾಕುತ್ತದೆ. ಇಷ್ಟೆಲ್ಲ ಗುಣಗಳಿದ್ದರೂ ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣವು ಭೂಮಿಗೆ ವಿಷವೆಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವು.

ಈ ಎರಡು ವರ್ಷಗಳೇ ಲಕ್ಷ್ಮಣರಾಯರ ಬದುಕಿನ ನಿಜವಾದ ಪರೀಕ್ಷೆ. ಸಿಟ್ಟಿನಿಂದ ನೌಕರಿ ಬಿಟ್ಟವನ ಸಿಟ್ಟು ಎಷ್ಟು ದಿನ ಉರಿದೀತು? ಅವಮಾನ ಮಾಡಿದವರು ಮುಂಬಯಿಯಲ್ಲಿ ಉಳಿದರು. ಕಣ್ಣೆದುರಿಗೆ ಇದ್ದದ್ದು ಮಾರಾಟವಾಗದ ನೇಗಿಲುಗಳ ರಾಶಿ. ಯಾರಿಗಾದರೂ ತೋರಿಸಿಕೊಡಬೇಕೆಂಬ ಛಲವೊಂದೇ ಇದ್ದಿದ್ದರೆ ಅದು ಆ ರಾಶಿಯ ಮುಂದೆ ಕರಗಿಹೋಗುತ್ತಿತ್ತು. ಅವರನ್ನು ಹಿಡಿದು ನಿಲ್ಲಿಸಿದ್ದು ಆ ವಸ್ತುವಿನ ಮೇಲಣ ನಂಬಿಕೆ. ರೈತರನ್ನು ಅಜ್ಞಾನಿಗಳೆಂದು ಜರಿದು ಕೂಡುವ ಬದಲು ಅವರು ನೇಗಿಲನ್ನು ಇನ್ನಷ್ಟು ಸುಧಾರಿಸಿದರು. ಹೊಲದಲ್ಲಿ ಒಮ್ಮೆ ಕಂಡ ಫಲವು ನೂರು ಮಾತಿಗಿಂತ ಬಲವಾದದ್ದು. ಕ್ರಮೇಣ ನಂಬಿಕೆ ಬದಲಾಯಿತು, ಕಿರ್ಲೋಸ್ಕರ್ ನೇಗಿಲು ದಕ್ಖನ್ನಿನ ಹೊಲಗಳಲ್ಲಿ ಮನೆಮಾತಾಯಿತು.

ಕಷ್ಟಗಳು ಅಲ್ಲಿಗೆ ಮುಗಿಯಲಿಲ್ಲ. ಕಾರ್ಖಾನೆಯಿದ್ದ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿ ನಗರಸಭೆಯಿಂದ ಆಜ್ಞೆಯಾಯಿತು. ಯಂತ್ರಗಳನ್ನು ಹೊತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದ ಆ ಹೊತ್ತಿನಲ್ಲಿ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ನೆರವಿಗೆ ಬಂದರು. ಹತ್ತು ಸಾವಿರ ರೂಪಾಯಿ ಸಾಲವನ್ನು ಕೊಟ್ಟು, ತಮ್ಮ ಸಂಸ್ಥಾನದಲ್ಲಿ ನೆಲೆಸಲು ಆಹ್ವಾನಿಸಿದರು. ಕುಂಡಲ್ ರೋಡ್ ಎಂಬ ಒಂಟಿ ರೈಲು ನಿಲ್ದಾಣದ ಬಳಿ ದೊರೆತದ್ದು 32 ಎಕರೆ ಬಂಜರು ಭೂಮಿ. ಅಲ್ಲಿ ತುಂಬಿದ್ದವು ಪಾಪಾಸುಕಳ್ಳಿ ಮತ್ತು ಹಾವುಗಳು. ಇಪ್ಪತ್ತೈದು ಮಂದಿ ಕೆಲಸಗಾರರು ತಮ್ಮ ಕುಟುಂಬಗಳೊಡನೆ ಅವರನ್ನು ಹಿಂಬಾಲಿಸಿದರು. 1910ರಲ್ಲಿ ಆರಂಭವಾದ ಆ ನೆಲೆಯೇ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ.

ಈ ಊರನ್ನು ಕಟ್ಟಿದ ಬಗೆಯಲ್ಲಿ ಲಕ್ಷ್ಮಣರಾಯರ ಉದ್ದೇಶ ಪೂರ್ಣವಾಗಿ ಪ್ರಕಟವಾಯಿತು. ಅದು ಕೇವಲ ಕಾರ್ಖಾನೆಯಾಗಿರದೆ, ಮನೆ, ಮರ, ನೀರುಗಳ ಯೋಜನೆಯುಳ್ಳ ಗ್ರಾಮವಾಯಿತು. ಅಸ್ಪೃಶ್ಯತೆಗೆ ಅಲ್ಲಿ ಪ್ರವೇಶವಿರಲಿಲ್ಲ. ಸೆರೆವಾಸ ಅನುಭವಿಸಿ ಬಂದವರನ್ನು ಅವರು ರಾತ್ರಿಯ ಕಾವಲುಗಾರರನ್ನಾಗಿ ನೇಮಿಸಿದರು. ಊರೆಲ್ಲ ಅನುಮಾನಿಸುವವನ ಕೈಗೇ ಊರಿನ ಕಾವಲನ್ನು ಒಪ್ಪಿಸುವುದು ಲೆಕ್ಕಾಚಾರದಿಂದ ಹುಟ್ಟುವ ನಿರ್ಧಾರವಲ್ಲ. ಶಾಲೆಯನ್ನು ಅರ್ಧದಲ್ಲೇ ಬಿಟ್ಟ ಅನಂತರಾವ್ ಫಳಣೀಕರ್ ಅವರಂಥವರು ಅಲ್ಲಿ ತಂತ್ರಜ್ಞರಾಗಿ ಬೆಳೆದರು. ತನ್ನ ಯೋಗ್ಯತೆಯನ್ನು ಬೇರೆಯವರು ಗುರುತಿಸದ ನೋವನ್ನು ಉಂಡ ವ್ಯಕ್ತಿಯು ಬೇರೆಯವರ ಯೋಗ್ಯತೆಯನ್ನು ಗುರುತಿಸುವವನಾದನು. ಅವಮಾನವು ಹಗೆಯಾಗಿ ಬೆಳೆಯದೆ ಕರುಣೆಯಾಗಿ ಮಾಗುವುದೂ ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಕಬ್ಬಿಣವೂ ಕಲ್ಲಿದ್ದಲೂ ದುರ್ಲಭವಾದವು. ಕೊಲ್ಹಾಪುರದ ಶಾಹೂ ಮಹಾರಾಜರು ಆಗ ಬಳಕೆ ತಪ್ಪಿದ ಹಳೆಯ ತೋಪುಗಳನ್ನು ಅವರಿಗೆ ಕೊಟ್ಟರೆಂದೂ ಅವು ಕರಗಿ ನೇಗಿಲುಗಳಾದವೆಂದೂ ಆ ಭಾಗದ ಜನ ಇಂದಿಗೂ ಹೇಳುತ್ತಾರೆ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಸೀಮಿತ ಕಂಪನಿಯಾಯಿತು. ಮಗ ಶಂತನುರಾಯರು ಅಮೆರಿಕೆಯ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ ಬಂದು ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು. ನಮ್ಮ ನಾಡಿನ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿಕೊಂಡವು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ಪುಣೆಯಲ್ಲಿ ನಿಧನರಾದರು. 1969ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಹರಿಹರದ ಆ ಕಾರ್ಖಾನೆಯು ಈ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿತು ಎಂಬುದನ್ನೂ ಮರೆಯಬಾರದು. ಉದ್ಯಮಗಳಿಗೂ ಆಯುಸ್ಸು ಇದೆ. ಒಬ್ಬರ ಸಾಹಸವು ಮುಂದಿನ ತಲೆಮಾರುಗಳಿಗೆಲ್ಲ ಖಾತ್ರಿಯಾಗಲಾರದು.

ಇಂದು ನೌಕರಿ ಬಿಡುವ ಆಲೋಚನೆಯಲ್ಲಿರುವ ನಮ್ಮ ಯುವಜನರು ಈ ಜೀವನವನ್ನು ಕೇವಲ ಯಶಸ್ಸಿನ ಕಥೆಯಾಗಿ ಓದಬಾರದು. ರಾಯರು ಬಿಟ್ಟದ್ದನ್ನು ನೋಡುವ ಮೊದಲು ಬಿಡುವುದಕ್ಕೆ ಮುಂಚೆ ಗಳಿಸಿದ್ದನ್ನು ನೋಡಬೇಕು. ಕೈಗೆ ವಿದ್ಯೆ ಬಂದಿತ್ತು. ಸಣ್ಣ ವ್ಯಾಪಾರದಲ್ಲಿ ಲಾಭನಷ್ಟಗಳ ಪರಿಚಯವಾಗಿತ್ತು. ತಂದೆಗೆ ಒಪ್ಪಿಗೆಯಿರದಿದ್ದ ಕಾಲದಿಂದಲೂ ಜೊತೆ ಬಿಡದ ಅಣ್ಣನಿದ್ದನು. ಮೇಲಧಿಕಾರಿಯ ಒಂದು ಮಾತಿಗೆ ಬೇಸತ್ತು, ಕೈಯಲ್ಲಿ ಕಸುಬಿಲ್ಲದೆ, ಮನೆಯವರಿಗೆ ತಿಳಿಸದೆ, ಹೊಲ ಅಡವಿಟ್ಟು ಅಂಗಡಿ ತೆರೆಯುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಏನನ್ನು ಬಿಟ್ಟು ಓಡುತ್ತಿದ್ದೇನೆ ಎಂಬುದಕ್ಕಿಂತ ಯಾವುದರ ಕಡೆಗೆ ನಡೆಯುತ್ತಿದ್ದೇನೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮ ಅಂತಃಸಾಕ್ಷಿಯ ಮುಂದೆ ಇಟ್ಟುಕೊಳ್ಳಬೇಕು. ಎರಡು ವರ್ಷ ಒಂದೂ ಮಾರಾಟವಾಗದಿದ್ದರೂ ಈ ಕೆಲಸವನ್ನು ಮಾಡುವೆನೇ ಎಂದು ಕೇಳಿಕೊಂಡರೆ ಉತ್ತರವು ತಾನಾಗಿ ಸ್ಪಷ್ಟವಾಗುತ್ತದೆ.

ತಂದೆ ತಾಯಿಗಳಿಗೂ ಇಲ್ಲೊಂದು ಮಾತಿದೆ. ಕಾಶೀನಾಥಪಂತರ ಆತಂಕವು ಪ್ರೀತಿಯಿಂದ ಹುಟ್ಟಿದ್ದು; ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ರಾಮುಅಣ್ಣನವರ ನಂಬಿಕೆ ಇಲ್ಲದಿದ್ದರೆ ಲಕ್ಷ್ಮಣರಾಯರಿಗೆ ಮುಂಬಯಿಯ ದಾರಿಯೇ ತೆರೆಯುತ್ತಿರಲಿಲ್ಲ. ಪ್ರತಿ ಮನೆಗೂ ಪಂತರ ಎಚ್ಚರಿಕೆಯೂ ಬೇಕು, ರಾಮುಅಣ್ಣನ ಔದಾರ್ಯವೂ ಬೇಕು. ತೊಗರಿಯೂ ಜೋಳವೂ ಬೆಳೆಯುವ ಈ ನಮ್ಮ ಸೀಮೆಯಲ್ಲಿ ಮಾಡಬೇಕಾದ ಕೆಲಸಗಳು ಅನೇಕವಿವೆ. ಬೆಳೆದದ್ದನ್ನು ಸಂಸ್ಕರಿಸುವುದು, ಉಪಕರಣಗಳನ್ನು ದುರಸ್ತಿ ಮಾಡುವುದು, ಊರಿನವರಿಗೆ ಊರಿನಲ್ಲೇ ಕೆಲಸ ಒದಗಿಸುವುದು, ಇವೆಲ್ಲ ಯಾರಾದರೊಬ್ಬರ ಕೈಗಾಗಿ ಕಾದಿವೆ. ಆ ಕೈ ನಮ್ಮ ಮನೆಯ ಮಗನದೋ ಮಗಳದೋ ಆಗಿದ್ದರೆ, ಬೇಡವೆನ್ನುವ ಮೊದಲು ಆ ಕೈ ಏನನ್ನು ಕಲಿತಿದೆ ಮತ್ತು ಯಾರಿಗಾಗಿ ದುಡಿಯಲು ಹೊರಟಿದೆ ಎಂಬುದನ್ನು ಸಮಾಧಾನದಿಂದ ವಿಚಾರಿಸೋಣ.