ಜಾನ್ ಹ್ಯಾರಿಸನ್

ಜಾನ್ ಹ್ಯಾರಿಸನ್ (೧೬೯೩–೧೭೭೬) ಇಂಗ್ಲೆಂಡಿನ ಬಡಗಿ ಹಾಗೂ ಗಡಿಯಾರ ತಯಾರಕರು. ನಡುಗಡಲಿನಲ್ಲಿ ಹಡಗಿನ ರೇಖಾಂಶವನ್ನು ಅರಿಯಲು ನೆರವಾದ ನಿಖರ ನೌಕಾ ಗಡಿಯಾರವನ್ನು ನಿರ್ಮಿಸಿದವರೆಂದು ಇವರು ಪ್ರಸಿದ್ಧರು.

ಆರಂಭಿಕ ಜೀವನ

ಯಾರ್ಕ್‌ಷೈರಿನ ಫೌಲ್ಬಿಯಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದ ಹ್ಯಾರಿಸನ್, ಲಿಂಕನ್‌ಷೈರಿನ ಬ್ಯಾರೋ ಗ್ರಾಮದಲ್ಲಿ ಬೆಳೆದರು. ಗಡಿಯಾರದ ವಿದ್ಯೆಯನ್ನು ಇವರು ಯಾವ ಗುರುವಿನ ಬಳಿಯೂ ಕಲಿಯಲಿಲ್ಲ. ತಮಗೆ ಪರಿಚಿತವಾಗಿದ್ದ ಮರದಿಂದಲೇ ಹಲ್ಲುಚಕ್ರಗಳನ್ನು ಕೆತ್ತಿ ೧೭೧೩ರಲ್ಲಿ ಮೊದಲ ಗಡಿಯಾರವನ್ನು ಮಾಡಿದರು. ಆ ಕಾಲದ ಕೀಲೆಣ್ಣೆ ಬೇಗನೆ ಗಟ್ಟಿಯಾಗಿ ಗಡಿಯಾರದ ನಡೆಯನ್ನು ಕೆಡಿಸುತ್ತಿತ್ತು. ಹ್ಯಾರಿಸನ್ ಉತ್ತಮ ಎಣ್ಣೆಯನ್ನು ಹುಡುಕುವ ಬದಲು, ತಾನೇ ಜಿಡ್ಡು ಸೂಸುವ ಲಿಗ್ನಮ್ ವೈಟೇ ಮರವನ್ನು ಬಳಸಿ ಎಣ್ಣೆಯ ಅಗತ್ಯವನ್ನೇ ಇಲ್ಲವಾಗಿಸಿದರು. ಹಿತ್ತಾಳೆ ಮತ್ತು ಉಕ್ಕಿನ ಸರಳುಗಳನ್ನು ಜೋಡಿಸಿ, ಒಂದು ಲೋಹದ ಹಿಗ್ಗುವಿಕೆಯನ್ನು ಇನ್ನೊಂದು ಸರಿದೂಗಿಸುವ ಲೋಲಕವನ್ನೂ ರಚಿಸಿದರು.

ರೇಖಾಂಶದ ಸಮಸ್ಯೆ

೧೭೦೭ರಲ್ಲಿ ಸಿಲಿ ದ್ವೀಪಗಳ ಬಳಿ ದಿಕ್ಕುತಪ್ಪಿದ ನಾಲ್ಕು ಬ್ರಿಟಿಷ್ ಯುದ್ಧನೌಕೆಗಳು ಬಂಡೆಗಳಿಗೆ ಬಡಿದು ಮುಳುಗಿ, ಸಾವಿರಕ್ಕೂ ಹೆಚ್ಚು ನಾವಿಕರು ಮಡಿದರು. ೧೭೧೪ರಲ್ಲಿ ಬ್ರಿಟಿಷ್ ಸಂಸತ್ತು, ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ತಿಳಿಸುವ ವಿಧಾನಕ್ಕೆ ೨೦,೦೦೦ ಪೌಂಡ್ ಬಹುಮಾನವನ್ನು ಘೋಷಿಸಿತು. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ವೆಸ್ಟ್ ಇಂಡೀಸ್‌ವರೆಗಿನ ಆರು ವಾರಗಳ ಯಾನದಲ್ಲಿ ಗಡಿಯಾರವು ಒಟ್ಟು ಎರಡು ನಿಮಿಷಕ್ಕಿಂತ ಹೆಚ್ಚು ತಪ್ಪುವಂತಿರಲಿಲ್ಲ. ತೂಗಾಡುವ ಹಡಗಿನಲ್ಲಿ ಲೋಲಕವು ನಿಷ್ಪ್ರಯೋಜಕವಾಗಿತ್ತು.

ನೌಕಾ ಗಡಿಯಾರಗಳು

ಹ್ಯಾರಿಸನ್ನರ ಮೊದಲ ನೌಕಾ ಗಡಿಯಾರ (ಎಚ್-೧) ಸುಮಾರು ೩೪ ಕಿಲೋಗ್ರಾಂ ತೂಕದ್ದು. ೧೭೩೬ರ ಲಿಸ್ಬನ್ ಯಾನದಲ್ಲಿ ಅದು ಮೆಚ್ಚುಗೆ ಪಡೆಯಿತಾದರೂ ಅವರಿಗೆ ತೃಪ್ತಿಯಾಗಲಿಲ್ಲ. ಎರಡನೆಯದನ್ನೂ ತಾವೇ ತಿರಸ್ಕರಿಸಿ, ಮೂರನೆಯದಕ್ಕೆ ಹತ್ತೊಂಬತ್ತು ವರ್ಷ ದುಡಿದರು. ಅಷ್ಟರಲ್ಲಿ, ತಮ್ಮ ಸೂಚನೆಯಂತೆ ಸಿದ್ಧಗೊಂಡಿದ್ದ ಒಂದು ಜೇಬುಗಡಿಯಾರವು ನಿರೀಕ್ಷೆ ಮೀರಿ ನಿಖರವಾಗಿರುವುದನ್ನು ಗಮನಿಸಿದರು. ವೇಗವಾಗಿ ಮಿಡಿಯುವ ಚಿಕ್ಕ ಚಕ್ರವನ್ನು ಹಡಗಿನ ಓಲಾಟವು ಅಷ್ಟಾಗಿ ಬಾಧಿಸುವುದಿಲ್ಲವೆಂದು ಮನಗಂಡು, ದೀರ್ಘಕಾಲ ನಂಬಿದ್ದ ದೊಡ್ಡ ಯಂತ್ರದ ಮಾರ್ಗವನ್ನೇ ಕೈಬಿಟ್ಟರು. ೧೭೫೯ರಲ್ಲಿ ಸಿದ್ಧವಾದ ಎಚ್-೪ರ ವ್ಯಾಸ ಕೇವಲ ೧೩ ಸೆಂಟಿಮೀಟರ್, ತೂಕ ೧.೪೫ ಕಿಲೋಗ್ರಾಂ. ಮಗ ವಿಲಿಯಂ ಅದನ್ನು ೧೭೬೧ರಲ್ಲಿ ಜಮೈಕಾಕ್ಕೆ ಒಯ್ದರು. ೮೧ ದಿನಗಳಲ್ಲಿ ಅದು ಹಿಂದೆ ಬಿದ್ದುದು ಐದು ಸೆಕೆಂಡು ಮಾತ್ರ.

ಬಹುಮಾನದ ವಿವಾದ

ರೇಖಾಂಶ ಮಂಡಳಿಯು ಈ ಫಲಿತಾಂಶವನ್ನು ಆಕಸ್ಮಿಕವೆಂದು ಶಂಕಿಸಿ ಮತ್ತೊಂದು ಪರೀಕ್ಷೆಯನ್ನು ಕೇಳಿತು. ೧೭೬೪ರ ಬಾರ್ಬಡೋಸ್ ಯಾನದಲ್ಲಿಯೂ ಗಡಿಯಾರ ಗೆದ್ದಿತು. ಆದರೂ ರಚನೆಯ ರಹಸ್ಯವನ್ನು ತಿಳಿಸಿದ ಬಳಿಕವೇ ಅರ್ಧ ಬಹುಮಾನ ದೊರೆಯಿತು. ವೃದ್ಧ ಹ್ಯಾರಿಸನ್ ದೊರೆ ಮೂರನೆಯ ಜಾರ್ಜ್‌ನ ಮೊರೆಹೋದರು. ದೊರೆಯು ೧೭೭೨ರಲ್ಲಿ ಎಚ್-೫ ಗಡಿಯಾರವನ್ನು ಸ್ವತಃ ಪರೀಕ್ಷಿಸಿ ಅವರ ಪರ ನಿಂತನು. ೧೭೭೩ರಲ್ಲಿ ಸಂಸತ್ತು ೮,೭೫೦ ಪೌಂಡ್ ನೀಡಿತು. ಆಗ ಅವರಿಗೆ ಎಂಬತ್ತು ವರ್ಷ.

ನಿಧನ ಮತ್ತು ಪ್ರಭಾವ

ಹ್ಯಾರಿಸನ್ ೧೭೭೬ರ ಮಾರ್ಚ್ ೨೪ರಂದು ಲಂಡನ್ನಿನಲ್ಲಿ ನಿಧನರಾದರು. ಲಾರ್ಕಮ್ ಕೆಂಡಲ್ ತಯಾರಿಸಿದ ಎಚ್-೪ರ ಪ್ರತಿಯನ್ನು ಜೇಮ್ಸ್ ಕುಕ್ ತನ್ನ ಎರಡನೆಯ ಯಾನದಲ್ಲಿ ಬಳಸಿದ್ದನು. ಆದರೆ ಅಂತಹ ಗಡಿಯಾರ ದುಬಾರಿಯಾಗಿತ್ತು. ಮುಂದೆ ಜಾನ್ ಆರ್ನಲ್ಡ್ ಮತ್ತು ಥಾಮಸ್ ಅರ್ನ್‌ಶಾ ಅವರು ಒಳರಚನೆಯನ್ನು ಸರಳಗೊಳಿಸಿ ಬೆಲೆಯನ್ನು ತಗ್ಗಿಸಿದ ಮೇಲೆ ನೌಕಾ ಗಡಿಯಾರವು ಸಾಮಾನ್ಯ ಹಡಗುಗಳಿಗೂ ತಲುಪಿತು. ಹ್ಯಾರಿಸನ್ನರ ಗಡಿಯಾರಗಳು ಗ್ರೀನಿಚ್‌ನ ರಾಜ ವೀಕ್ಷಣಾಲಯದಲ್ಲಿ ಪ್ರದರ್ಶನಕ್ಕಿವೆ.