ಹುಬ್ಬಳ್ಳಿಯ ತೋಳಿಗೆ ಬಂದ ಹಾಫ್‌ಕಿನ್ ಲಸಿಕೆ

ರಬಕವಿ ಕಡೆ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಜಾಲಿಮುಳ್ಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಿಮ್ಮಡಿಯಲ್ಲಿ ಮುರಿದು ಉಳಿದರೆ ಮರುದಿನಕ್ಕೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಮಿಡಿಯತೊಡಗುತ್ತದೆ. ಅಲ್ಲೇನೋ ಕೆಟ್ಟಿದೆ ಅಂತ ಮೈಗೆ ಹೇಳಿದವರು ಯಾರು? ಈ ಪ್ರಶ್ನೆ ಹಿಡಿದು ಹೊರಟ ಒಬ್ಬ ಗುರುವಿನ ಶಿಷ್ಯ ವಾಲ್ಡೆಮರ್ ಹಾಫ್‌ಕಿನ್. ನಮ್ಮ ಹುಬ್ಬಳ್ಳಿಯ ಸಾವಿರಾರು ಜನರ ತೋಳಿಗೆ ಚುಚ್ಚಿದ್ದು ಇವರ ಲಸಿಕೆ.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ, ಯಹೂದಿ ಮನೆತನದಲ್ಲಿ. ಕಾಲೇಜು ಓದುವಾಗಲೇ ಯಹೂದಿಗಳ ಮೇಲೆ ದೊಂಬಿ ನಡೆಯಿತು. ಓಣಿ ಕಾಯಲು ನಿಂತ ಹುಡುಗರ ಗುಂಪಿನಲ್ಲಿ ಇವರೂ ಇದ್ದರು, ಪೆಟ್ಟು ತಿಂದರು, ಜೈಲಿಗೂ ಹೋದರು. ಬಿಡಿಸಿಕೊಂಡು ಬಂದವರು ಪ್ರಾಣಿಶಾಸ್ತ್ರದ ಮೇಷ್ಟ್ರು ಇಲ್ಯಾ ಮೆಚ್ನಿಕಾಫ್. ಮತ ಬದಲಿಸಿದರೆ ಅಧ್ಯಾಪಕನ ಹುದ್ದೆಗೆ ದಾರಿಯಿತ್ತು. ಹಾಫ್‌ಕಿನ್ ಒಲ್ಲೆ ಅಂದರು.

ಆ ಮೇಷ್ಟ್ರು 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಒಂದು ಪ್ರಯೋಗ ಮಾಡಿದರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯ ಮೈಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಓಡಾಡುವ ಜೀವಕೋಶಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು. ಆ ಮರಿಗೆ ರಕ್ತನಾಳವೇ ಇಲ್ಲ, ಮುಳ್ಳು ರೋಗಾಣುವೂ ಅಲ್ಲ. ಆದರೂ ಕೋಶಗಳಿಗೆ ಸುದ್ದಿ ಮುಟ್ಟಿತ್ತು.

ನಮ್ಮೂರಿನ ಮಗ್ಗ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಕಡಿದವರು ಯಾರು ಅಂತ ಅದು ಕೇಳೋದಿಲ್ಲ, ಎಳೆ ಕಡಿದದ್ದಷ್ಟೇ ಅದಕ್ಕೆ ಗೊತ್ತು. ಮೈಯಲ್ಲೂ ಇಂಥ ಸೆನ್ಸರ್‌ಗಳಿವೆ. ಉದಾಹರಣೆಗೆ ಎಟಿಪಿ: ಜೀವಕೋಶದ ಒಳಗಿರಬೇಕಾದ ಇಂಧನ. ಅದು ಹೊರಗೆ ಚೆಲ್ಲಿದೆ ಅಂದರೆ ಕೋಶ ಒಡೆದಿದೆ ಅಂತಲೇ ಅರ್ಥ. ಅಕ್ಕಪಕ್ಕದ ಕೋಶಗಳು ಅದನ್ನು ಹಿಡಿದು ಅಲಾರಂ ಹೊಡೆಯುತ್ತವೆ. ಪಾಲಿ ಮ್ಯಾಟ್ಜಿಂಜರ್ ಎಂಬ ವಿಜ್ಞಾನಿ 1994ರಲ್ಲಿ ಇದನ್ನೇ ದೊಡ್ಡ ಸಿದ್ಧಾಂತವಾಗಿ ಮುಂದಿಟ್ಟರು: ಮೈ ಹುಡುಕುವುದು ಪರಕೀಯರನ್ನಲ್ಲ, ಅಪಾಯವನ್ನು. ಸಿದ್ಧಾಂತದ ಬಗ್ಗೆ ಜಗಳ ಇನ್ನೂ ಇದೆ, ಅದಿರಲಿ.

ಶಿಷ್ಯ ಗುರುವಿನ ಬೆನ್ನುಹತ್ತಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಗೆ ಹೋದಾಗ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ. ಹಗಲು ಪುಸ್ತಕ, ಬಿಡುವಿನಲ್ಲಿ ರೋಗಾಣು. 1892ರಲ್ಲಿ ಕಾಲರಾ ಲಸಿಕೆ ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಕಲ್ಕತ್ತಾಕ್ಕೆ ಬಂದರು. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗ ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು.

ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯೇ ಅವರ ಪ್ರಯೋಗಾಲಯ. ಮೇಕೆ ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣು ಬೆಳೆಸಿದರು, ಅದು ತೇಲಿಕೊಂಡು ಬೆಳೆಯಲಿ ಅಂತ ಮೇಲೆ ತುಪ್ಪದ ಹನಿ ಬಿಟ್ಟರು. ಆಮೇಲೆ ಬಿಸಿ ಮಾಡಿ ಅಷ್ಟನ್ನೂ ಕೊಂದರು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ ಸೂಜಿ. ಜ್ವರ ಬಂತು, ನೋವು ಬಂತು, ಇಳಿಯಿತು. ನಂತರ ಬೈಕುಲ್ಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಜನ ಚುಚ್ಚಿಸಿಕೊಂಡರು, ಧಾರವಾಡ, ಗದಗಿನಲ್ಲೂ ಕೊಟ್ಟರು. ಲಸಿಕೆ ಪೂರ್ಣ ರಕ್ಷಣೆಯೇನೂ ಅಲ್ಲ, ಆದರೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಇತ್ತು.

ಸತ್ತ ರೋಗಾಣು ಏನು ಮಾಡೀತು ಅನ್ನಿಸಬಹುದು. ಅದರ ಹೊರಗವಚದಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವಿದೆ, ಬಿಸಿಗೂ ಹಾಳಾಗೋದಿಲ್ಲ. ನಮ್ಮ ಕೋಶಗಳ ಮೇಲಿನ ಟಿಎಲ್‌ಆರ್-4 ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ ಅಂತ ಗೊತ್ತಾದದ್ದು 1998ರಲ್ಲಿ, ಹುಬ್ಬಳ್ಳಿಯ ಸೂಜಿಗೆ ನೂರು ವರ್ಷವಾದ ಮೇಲೆ. ಇನ್ನೂ ಸ್ವಾರಸ್ಯ ಮುಂದಿದೆ ನೋಡ್ರಿ. ಜೀವಂತ ಪ್ಲೇಗು ರೋಗಾಣು ತಣ್ಣಗಿನ ಚಿಗಟದಲ್ಲಿರುವಾಗ ಈ ವಸ್ತುವಿಗೆ ಆರು ಬಾಲ. ನಮ್ಮ 37 ಡಿಗ್ರಿ ಮೈಗೆ ಬಂದೊಡನೆ ನಾಲ್ಕು ಬಾಲದ್ದನ್ನು ತಯಾರಿಸತೊಡಗುತ್ತದೆ, ಸೆನ್ಸರ್‌ಗೆ ಸರಿಯಾಗಿ ಸಿಗೋದಿಲ್ಲ. ಆ ವೇಷ ಹಾಕಲು ಬಾರದಂತೆ ಬದಲಿಸಿದ ರೋಗಾಣುವನ್ನು ಇಲಿಗಳಿಗೆ ಕೊಟ್ಟಾಗ ಇಲಿಗಳು ಬದುಕಿದವು. 2006ರಲ್ಲಿ ಪ್ರಕಟವಾದ ಸಂಶೋಧನೆ ಇದು. ಪ್ಲೇಗು ಊರುಗಳನ್ನು ಖಾಲಿ ಮಾಡಿಸಿದ್ದಕ್ಕೆ ಈ ಮೌನವೂ ಒಂದು ಕಾರಣ.

1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಬಾಟಲಿ ಪ್ರಯೋಗಾಲಯದಲ್ಲೇ ಕೆಟ್ಟಿತ್ತು ಅಂತ ತೀರ್ಮಾನಿಸಿ ಹಾಫ್‌ಕಿನ್‌ರನ್ನು ಕೆಲಸದಿಂದ ದೂರ ಇಟ್ಟರು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಲಾಗಿತ್ತು. ರೊನಾಲ್ಡ್ ರಾಸ್‌ರಂಥವರು ಪತ್ರಿಕೆಯಲ್ಲಿ ದನಿ ಎತ್ತಿದ ಮೇಲೆ 1907ರಲ್ಲಿ ಕಳಂಕ ತೊಳೆಯಿತು. ಅಷ್ಟೊತ್ತಿಗೆ ಐದು ವರ್ಷ ಹೋಗಿದ್ದವು. ಕಲ್ಕತ್ತಾದಲ್ಲಿ ಹುದ್ದೆ ಸಿಕ್ಕಿತು, ಆದರೆ ಲಸಿಕೆ ತಯಾರಿಕೆ ಅವರ ಕೈಗೆ ಮರಳಲಿಲ್ಲ. ಇದನ್ನು ನ್ಯಾಯ ಅಂತ ಕರೆಯಲು ನನಗೆ ಮನಸ್ಸಿಲ್ಲ.

1925ರಲ್ಲಿ ಮುಂಬೈ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ.

ಅವರಿಗೆ ಕಳಂಕ ತಂದ ಧನುರ್ವಾಯುವಿನ ವಿಷ ಎಷ್ಟು ಕಡಿಮೆ ಪ್ರಮಾಣದಲ್ಲಿ ಕೊಲ್ಲುತ್ತದೆ ಅಂದರೆ, ಕಾಯಿಲೆ ಬಂದು ಬದುಕಿ ಉಳಿದವರ ಮೈಯೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಅವರಿಗೂ ಲಸಿಕೆ ಬೇಕು. ಜಾಲಿಮುಳ್ಳು ಚುಚ್ಚಿ ಆಸ್ಪತ್ರೆಗೆ ಹೋದರೆ ನಮಗೆ ಕೊಡುವ ಧನುರ್ವಾಯು ಇಂಜೆಕ್ಷನ್‌ನಲ್ಲಿ ಪಳಗಿಸಿದ ಆ ವಿಷದ ಜೊತೆ ಚೂರು ಅಲ್ಯೂಮಿನಿಯಂ ಲವಣ ಸೇರಿಸಿರುತ್ತಾರೆ. ಅದು ಸೂಜಿ ಚುಚ್ಚಿದ ಕಡೆ ಸಣ್ಣ ಗಲಾಟೆ ಎಬ್ಬಿಸಿ ಕೋಶಗಳನ್ನು ಕರೆಯುತ್ತದೆ. ಎರಡು ದಿನ ತೋಳು ನೋಯುವುದು ಅದಕ್ಕೇ.